ಮೂರನೇ ಬೀರುವಿಗೆ ಸಹಿ

ನವೆಂಬರ್ 3, ಭಾನುವಾರ. ಬೆಳಿಗ್ಗೆ 6.40

ಫೂಲ್ ಕಾಳಿನ ಪಲ್ಯ ತಳ ಹಿಡಿಯಿತು. ಸೌಟು ಕೈಯಲ್ಲಿದ್ದಾಗಲೇ ಶೌಕಿ ಮಾವನ ಫೋನು. ಅಮ್ಮನ ತಮ್ಮ. ಬ್ಯಾಂಕಿನಿಂದ ನಿವೃತ್ತನಾಗಿ ಆರು ವರ್ಷ, ಬಾಯಲ್ಲಿ ಇನ್ನೂ ಬ್ಯಾಂಕೇ.

"ರಗ್ದಾ, ನಿಂತಿದ್ರೆ ಕೂತ್ಕೋ. ಹೆಡ್ ಆಫೀಸಲ್ಲಿ ಐಟಿ ಮ್ಯಾನೇಜರ್ ಕುರ್ಚಿ ಖಾಲಿ ಆಗ್ತಿದೆ. ನಿನ್ನ ಹೆಸರು ಹೇಳಿದೀನಿ."

"ನನ್ನ ಒಂದು ಮಾತು ಕೇಳ್ದೆ?"

"ಕೇಳೋದೇನು? ಹಸಿದವಳಿಗೆ ಊಟ ಬೇಕಾ ಅಂತ ಕೇಳ್ತಾರೇನೆ?"

ಸರ್ಕಾರಿ ಬ್ಯಾಂಕು. ದೊಡ್ಡದು. ಪಿಂಚಣಿ, ಇಡೀ ಮನೆಗೆ ಆಸ್ಪತ್ರೆ ಕಾರ್ಡು. ಅಮ್ಮನ ಕಣ್ಣಿನ ಆಪರೇಷನ್ ಕೂಡ ಅದರಲ್ಲೇ ಆಗುತ್ತದೆ. ನನ್ನ ಈಗಿನ ಆಫೀಸು ದುಕ್ಕಿ ಬಡಾವಣೆಯಲ್ಲಿ, ದರ್ಜಿಯ ಅಂಗಡಿಯ ಮೇಲೆ. ಎಂಟೇ ಜನ. ಸಂಬಳ ಬಂದರೆ ಬಂತು. ಆದರೆ ಬೇಸರ ಬಂದರೆ ನಾಳೆಯೇ ಬಿಟ್ಟು ಬರಬಹುದು. ಒಂಬತ್ತು ವರ್ಷದಿಂದ ಬಿಟ್ಟಿಲ್ಲ, ಅದು ಬೇರೆ ಮಾತು. ಬಿಡಬಹುದು ಅನ್ನುವುದೇ ನನಗೆ ಇಷ್ಟ.

ಗಂಡ ವಜೀಹ್ ತಟ್ಟೆ ಮುಂದೆ ತಳ್ಳಿ, "ಸೀದಿದ್ದನ್ನೇ ಹಾಕು. ನಾಳೆ ಮ್ಯಾನೇಜರ್ ಕೈ ಅಡುಗೆ ಅಂತ ಹೇಳ್ಕೋಬಹುದು" ಎಂದ.

ನವೆಂಬರ್ 5, ಮಂಗಳವಾರ. ಮೆಟ್ರೋದಲ್ಲಿ

ಇಂಟರ್‌ವ್ಯೂ ಅಂತೆ! ಡೈರೆಕ್ಟರ್ ರಿಫಾತ್ ಬೇ ಎರಡು ಲೋಟ ಚಹಾ ಕುಡಿಸಿದರು. ಸರ್ವರ್ ಬಗ್ಗೆ ಒಂದು ಪ್ರಶ್ನೆ ಇಲ್ಲ. ಅಪ್ಪ ಯಾರು, ಮಾವನ ಸಕ್ಕರೆ ಕಾಯಿಲೆ ಹೇಗಿದೆ... ಮುಗಿಯಿತು.

ಹೊರಗೆ ಬಂದಾಗ ಮಕ್ರಮ್ ಸಾಹೇಬರು ಕಾಯುತ್ತಿದ್ದರು. ಈಗಿನ ಮ್ಯಾನೇಜರ್. ಅರವತ್ತು ತುಂಬಿ ಹದಿನಾಲ್ಕು ತಿಂಗಳಾಯಿತು, ಇನ್ನೂ ದಿನಾ ಬರುತ್ತಾರೆ. ಬರಲೇಬೇಕು. ಸರ್ವರ್ ಕೋಣೆಯ ಪ್ರತಿ ಯಂತ್ರವೂ ಉಹ್ದಾ ಪುಸ್ತಕದಲ್ಲಿ, ಹೊಣೆಯ ದಾಖಲೆಯಲ್ಲಿ, ಅವರ ಹೆಸರಿಗಿದೆ. ಇನ್ನೊಬ್ಬರು ಸಹಿ ಹಾಕಿ ವಹಿಸಿಕೊಳ್ಳುವವರೆಗೆ ಬಿಡುಗಡೆಯ ಕಾಗದವಿಲ್ಲ, ಪಿಂಚಣಿಯಿಲ್ಲ. ಹೆಂಡತಿ ಊರಲ್ಲಿ, ಮಿನ್ಯಾದಲ್ಲಿ, ಸೊಂಟ ಮುರಿದುಕೊಂಡು ಮಲಗಿದ್ದಾರಂತೆ.

"ನೀವು ಬರ್ತೀರಲ್ಲಾ ಮೇಡಂ?" ಎಂದರು. ಕೈ ಹಿಡಿದವರು ಬಿಡಲೇ ಇಲ್ಲ.

ನವೆಂಬರ್ 6. ಮಧ್ಯಾಹ್ನ

ಮಕ್ರಮ್ ಸಾಹೇಬರು ಯಂತ್ರದ ಕೋಣೆ ತೋರಿಸಲು ಕರೆದಿದ್ದರು. ಚಳಿ. ಮೂರು ಕಬ್ಬಿಣದ ಬೀರು. ಮೊದಲೆರಡು ಸರಿ. ಮೂರನೆಯದರ ಮುಂದೆ ಸುಮಾರು ಹೊತ್ತು ನಿಂತರು. ಆಮೇಲೆ ಬೀಗ ತೆಗೆದರು.

ಖಾಲಿ! ಪುಸ್ತಕದಲ್ಲಿ 'ಬ್ಯಾಕಪ್ ಯಂತ್ರ, ಸುಸ್ಥಿತಿ' ಅಂತಿದೆ. ಒಳಗೆ ಧೂಳು, ಒಂದು ತುಂಡು ವೈರು.

"ನಾನು ವಹಿಸ್ಕೊಂಡಾಗಲೇ ಹೀಗಿತ್ತು. ನನಗಿಂತ ಮೊದಲಿದ್ದವರು ಹಿರಿಯರು, ನನ್ನ ಮದುವೆಗೆ ಬಂದವರು. ಬೀರು ತೆಗೀರಿ ಅಂದ್ರೆ ಕಳ್ಳ ಅಂದ ಹಾಗಲ್ವೇನಮ್ಮಾ? ನಾಚಿಕೆ ಆಯ್ತು. ಸಹಿ ಹಾಕ್ಬಿಟ್ಟೆ."

"ಅವರು?"

"ಅವರೂ ನಾಚಿಕೆಗೇ ಹಾಕಿರ್ಬೇಕು."

ಸುಮ್ಮನೆ ನನ್ನ ಸಹಿ ತಗೊಂಡು ಮಿನ್ಯಾದ ರೈಲು ಹತ್ತಬಹುದಿತ್ತು ಈ ಮನುಷ್ಯ. ತೆರೆದು ತೋರಿಸಿದರು. ಅದಕ್ಕೇ ಸಿಟ್ಟು ಬರುತ್ತಿದೆ ನನಗೆ. ಗೊತ್ತಿಲ್ಲದೆ ಸಿಕ್ಕಿಬಿದ್ದಿದ್ದರೆ ವಿಧಿಯನ್ನಾದರೂ ಬೈಯಬಹುದಿತ್ತು.

ನವೆಂಬರ್ 8, ಶುಕ್ರವಾರ

ಬೇಡ ಎಂದು ಹೇಳಲೆಂದೇ ಮಾವನ ಮನೆಗೆ ಊಟಕ್ಕೆ ಹೋದೆ. ಮೊಲದ ಮಾಂಸ, ಮುಲೂಖಿಯಾ ಸೊಪ್ಪಿನ ಸಾರು. ಬಾಯಿ ತೆರೆಯುವ ಮೊದಲೇ ಮಾವ ಎದ್ದು ನಿಂತ.

"ನಿನ್ನೆ ರಿಫಾತ್ ಜೊತೆ ಕೂತು ಫಾತಿಹಾ ಓದಿ ಬಂದೆ. ಮಾತು ಮುಗೀತು!"

ಹೆಣ್ಣು ಗೊತ್ತುಮಾಡುವವರ ಹಾಗೆ! ಇಬ್ಬರು ಗಂಡಸರು ಅಂಗೈ ತೆರೆದು ಆ ಪ್ರಾರ್ಥನೆ ಓದಿ ಮುಖ ಸವರಿಕೊಂಡರೆ ಆಯಿತು, ಇನ್ನು ದೇವರೇ ಸಾಕ್ಷಿ. ಅಮ್ಮ ಮದುವೆಮನೆಯ ಉಲುಲು ಕೂಗಿದಳು. ಪಕ್ಕದ ಮನೆಯವರೂ ಕೂಗಿದರು, ಯಾಕೆಂದು ಗೊತ್ತಿಲ್ಲದೆ.

ಮಾವನನ್ನು ಅಡುಗೆಮನೆಗೆ ಎಳೆದೊಯ್ದು ಬೀರುವಿನ ವಿಷಯ ಹೇಳಿದೆ.

"ಖಾಲಿ ತಾನೇ? ಒಳಗೆ ಹಾವಿಲ್ವಲ್ಲ!"

"ಮಾವಾ, ನಾಳೆ ಯಾರಾದ್ರೂ ತೆಗೆದು ನೋಡಿದ್ರೆ ನಾನು ಜೈಲಿಗೆ."

"ಮೂವತ್ತು ವರ್ಷದಿಂದ ಯಾರೂ ತೆಗೆದಿಲ್ಲ, ನಿನಗೋಸ್ಕರ ತೆಗೀತಾರಾ? ಓದಿದ ಫಾತಿಹಾನ ವಾಪಸ್ ನುಂಗ್ಲಾ ನಾನು? ಈ ವಯಸ್ಸಲ್ಲಿ ನನ್ನ ಮುಖಕ್ಕೆ ಮಸಿ ಬಳೀತೀಯಾ?"

ಮನೆಗೆ ಬರುವಾಗ ವಜೀಹ್, "ಬೇಡ ಅಂದ್ಬಿಡು, ಅಷ್ಟೇ" ಎಂದ. ನೀನೇ ಮಾವನಿಗೆ ಹೇಳು ಎಂದೆ. "ಮೊಲ ಮಾತ್ರ ಚೆನ್ನಾಗಿತ್ತು" ಎಂದ.

ನವೆಂಬರ್ 14, ಗುರುವಾರ

ಐದು ದಿನ ಬರೆಯಲಿಲ್ಲ. ಬರೆದರೆ ಒಂದು ತೀರ್ಮಾನಕ್ಕೆ ಬರಬೇಕಲ್ಲ.

ಇವತ್ತು ಧೈರ್ಯ ಮಾಡಿ ರಿಫಾತ್ ಬೇ ಹತ್ತಿರ ಹೋದೆ. ತಪಾಸಣಾ ಸಮಿತಿ ಬರಲಿ, ಇರುವುದಕ್ಕಷ್ಟೇ ಸಹಿ ಹಾಕುತ್ತೇನೆ ಎಂದೆ. ನಕ್ಕರು.

"ಬರುತ್ತೆ ಮೇಡಂ, ಯಾಕೆ ಬರಲ್ಲ? ಬಂದ ದಿನ ಪುಸ್ತಕದಲ್ಲಿ ಯಾರ ಹೆಸರಿದ್ಯೋ ಅವರೇ ಕಳ್ಳರು. ಇವತ್ತು ಮಕ್ರಮ್ ಹೆಸರಿದೆ. ಸಮಿತಿ ಕರೆಸ್ಲಾ?"

ಫೋನು ಎತ್ತಿಕೊಂಡರು. ನಿಜವಾಗಿ ಎತ್ತಿಕೊಂಡರು.

"ಬೇಡ" ಎಂದೆ.

"ಹಾಗಾದ್ರೆ ಶುಕ್ರವಾರ, ಶನಿವಾರದ ರಜೆ ಮುಗಿಸಿ ಭಾನುವಾರ ಬಂದು ಸಹಿ ಹಾಕಿ."

ಅತ್ತ ದರಿ, ಇತ್ತ ಪುಲಿ. ಇಷ್ಟು ದಿನ ಗಾದೆ ಅಂದುಕೊಂಡಿದ್ದೆ.

ನವೆಂಬರ್ 17, ಭಾನುವಾರ. 9.10

ಹಾಕಿದೆ.

ಮಕ್ರಮ್ ಸಾಹೇಬರು ನನ್ನ ಮುಖ ನೋಡಲಿಲ್ಲ. ಪುಸ್ತಕವನ್ನೂ ನೋಡಲಿಲ್ಲ. ಅರ್ಧ ದಾರಿ ಹೋದವರು ತಿರುಗಿ ಬಂದು, "ನಿಮ್ಮ ಮಕ್ಕಳನ್ನ ದೇವರು ಕಾಪಾಡ್ಲಿ" ಎಂದು ಹೇಳಿ, ಮೆಟ್ಟಿಲಿಳಿದು ಹೋದರು. ಲಿಫ್ಟಿಗೂ ಕಾಯಲಿಲ್ಲ. ಅವರ ಮೇಲೆ ಅಸೂಯೆಯಾಯಿತು.

ಅದೇ ದಿನ, 11.30

ಸಾಕ್ಷಿಯ ಸಹಿ ಬಾಕಿಯಿತ್ತು. ನನ್ನ ಡೆಪ್ಯುಟಿ ಇಬ್ತಿಹಾಲ್ ಹಾಕಬೇಕು. ಎರಡು ಮಕ್ಕಳ ತಾಯಿ, ಮಾತು ಕಡಿಮೆ. ಸಾಕ್ಷಿಯೂ ಅಷ್ಟೇ ಹೊಣೆ. ನಾನು ಹೋದರೆ ಪುಸ್ತಕ ಅವಳ ಹೆಸರಿಗೆ. ಪುಟ ಓದಿದಳು. ಪೆನ್ನು ತೆಗೆದಳು. ನಿಲ್ಲಿಸಿದಳು.

"ಮೇಡಂ, ತಪ್ಪು ತಿಳೀಬೇಡಿ... ಆ ಮೂರನೇ ಬೀರು ಒಂದ್ಸಲ ತೆಗೆದು ನೋಡ್ಲಾ?"

ತೆಗೆಯಮ್ಮಾ ಅನ್ನಬೇಕಿತ್ತು. ನಾನು ಅಂದಿದ್ದು:

"ಯಾಕೆ, ನನ್ನ ಮೇಲೆ ನಂಬಿಕೆ ಇಲ್ವಾ?"

ನನಗೆ ನಿಜವಾಗಿಯೂ ಅವಮಾನವಾಗಿತ್ತು! ಎರಡು ಗಂಟೆಯ ಮ್ಯಾನೇಜರ್ ನಾನು. ಅವಳ ಮುಖ ಕೆಂಪಾಯಿತು. "ಅಯ್ಯೋ, ಹಾಗಲ್ಲ ಮೇಡಂ, ಕ್ಷಮಿಸಿ" ಎಂದು ತಲೆ ತಗ್ಗಿಸಿ ಸಹಿ ಹಾಕಿದಳು. ಪುಸ್ತಕ ಎದೆಗವುಚಿಕೊಂಡು ಈಗಷ್ಟೇ ಹೊರಗೆ ಹೋದಳು, ರಿಫಾತ್ ಬೇ ಮೊಹರಿಗೆ. ಮೊಹರು ಬಿದ್ದರೆ ಮುಗಿಯಿತು. ಲಿಫ್ಟು ಇನ್ನೂ ಬಂದಿಲ್ಲ, ಗಾಜಿನಲ್ಲಿ ಅವಳ ಬೆನ್ನು ಕಾಣುತ್ತಿದೆ. ಎದ್ದು ಹೋಗಿ ಕರೆಯಬೇಕು. ಕರೆದು ಏನಂತ...