ಕಲಕುವ ಸ್ವಿಚ್ಚಿನ ಬೀಗ

ಮಾರ್ಚ್ ೧೧, ಮಂಗಳವಾರ

ಇವತ್ತು ಒಂದು ಬೀಗದ ಜಗಳ. ಬಾವಿ ಕೊರೆಯುವ ಕಡೆ ಕೆಸರಿನ ಟ್ಯಾಂಕ್ ತೊಳೆದಾಗಿತ್ತು. ಕೆಲಸ ಮುಗಿಯಿತೆಂದು ಮೇಸ್ತ್ರಿ ನಾನು ಕೊಟ್ಟಿದ್ದ ಕೆಲಸದ ಪರ್ಮಿಟ್ಟಿಗೆ ಸಹಿಯನ್ನೂ ಹಾಕಿದ್ದ. ಆದರೆ ಟ್ಯಾಂಕಿನೊಳಗೆ ಕಲಕುವ ರೆಕ್ಕೆಗಳ ಸ್ವಿಚ್ಚಿಗೆ, ತಾನು ಒಳಗಿರುವಾಗ ಯಾರೂ ಒತ್ತದಿರಲೆಂದು ತೊಳೆಯುವವನು ಹಾಕಿದ ಬೀಗ ಇನ್ನೂ ನೇತಾಡುತ್ತಿತ್ತು.

"ಮರೆಗುಳಿ ಸಾರ್ ಅವನು, ಮನೆಗೆ ಹೋಗಿರ್ತಾನೆ. ಬೀಗ ಕತ್ತರಿಸಿ ರೆಕ್ಕೆ ಶುರು ಮಾಡೋಣ," ಅಂದ ಮೇಸ್ತ್ರಿ.

"ಬೀಗ ಹಾಕಿದವನೇ ಬಿಚ್ಚಬೇಕು, ಬಾಕಿಯವರು ಬಾಯಿ ಮುಚ್ಚಬೇಕು," ಅಂದೆ.

"ನಿಮ್ಮ ಪ್ರಾಸಕ್ಕೆ ಬಾವಿ ಕಾಯಲ್ಲ ಸಾರ್."

"ಕಾಯುತ್ತೆ. ಪರ್ಮಿಟ್ ಕೊಡೋನು ನಾನು, ಬಾವಿಯಲ್ಲ."

ತೊಳೆಯುವವನ ಮನೆಗೆ ಫೋನ್ ಮಾಡಿದೆ. "ಇನ್ನೂ ಬಂದಿಲ್ವಲ್ಲಣ್ಣ," ಅಂದಳು ಹೆಂಡತಿ. ಟ್ಯಾಂಕಿನ ಬಾಯಿಗೆ ಹೋಗಿ, ಟಾರ್ಚ್ ಬೆಳಕು ಬಿಟ್ಟು ಕೂಗಿದೆ.

"ಇದ್ದೀನಿ ಸಾರ್!" ಅಂತ ತಳದಿಂದ ದನಿ ಬಂತು. "ಕನ್ನಡಕ ಬಿದ್ದಿತ್ತು, ಮತ್ತೆ ಇಳಿದೆ."

ಮೇಸ್ತ್ರಿ ಪರ್ಮಿಟ್ ತೆಗೆದು ತನ್ನ ಸಹಿಯನ್ನು ಹೊಡೆದುಹಾಕಿದ. ಬೈಯಬೇಕು ಅಂತಿದ್ದೆ, ಮುಖ ನೋಡಿ ಬಿಟ್ಟುಬಿಟ್ಟೆ. ತಡವಾಯಿತೆಂದು ನಾಳೆ ಮೇಲಿನವರು ಹಾರಾಡಲಿ. ಉತ್ತರ ಸಿದ್ಧವಿದೆ, ಪ್ರಾಸದ ಸಮೇತ.

ನಾನು ಮನೆ ಸೇರುವಷ್ಟರಲ್ಲಿ ತೊಳೆಯುವವನ ಹೆಂಡತಿಯ ಫೋನ್ ಬಂತು.

"ಇವರು ಏನೂ ಹೇಳ್ತಿಲ್ಲ. ಏನಾಯ್ತಣ್ಣ ಇವತ್ತು?"

"ಏನೂ ಆಗಲಿಲ್ಲಮ್ಮ," ಅಂದೆ. ನಾನು ದಿನವಿಡೀ ದುಡಿಯೋದು ಆ ಒಂದು ಮಾತಿಗೇ ಅಂತ ವಿವರಿಸಲು ಹೋಗಲಿಲ್ಲ. ಕಣ್ಣು ಎಳೆಯುತ್ತಿದೆ, ಮಿಕ್ಕಿದ್ದು ನಾಳೆ…