ನೆಲದಿಂದ ಸೂರಿಗೆ

ಲಿಂಡೆನ್‌ಬೆಕ್
ನವೆಂಬರ್ ೯, ಭಾನುವಾರ

ಪ್ರೀತಿಯ ಹಾರ್ಮ್,

ನಾವೆಲ್ಲ ಚೆನ್ನಾಗಿದ್ದೇವೆ, ನೀನೂ ಇಂಗೆಯೂ ಕ್ಷೇಮವೆಂದು ನಂಬಿದ್ದೇನೆ. ಇದು ನಿನ್ನ ಹುಟ್ಟುಹಬ್ಬಕ್ಕೇ ಬರೆಯಬೇಕಿದ್ದ ಕಾಗದ. ತಡವಾಯಿತು, ಕ್ಷಮಿಸು. ಮೊದಲು ಬರೆದದ್ದನ್ನು ನನ್ನವಳು ಗೆಸ್ಕೆ ಓದಿ ಒಲೆಗೆ ಹಾಕಿದಳು. “ಮೊದ್ಲು ಟೀ ಕುಡಿ, ಆಮೇಲೆ ಬೈಯುವಿಯಂತೆ” ಅಂದಳು. ಟೀ ಕುಡಿದಾಯಿತು. ಕೋಪ ಇದ್ದ ಹಾಗೇ ಇದೆ.

ನೀನೂ ಕೂತಿರುವ ಆ ಲೀಗ್ ಸಮಿತಿಯ ತೀರ್ಮಾನ ಬಂತು. ನಮ್ಮ ವ್ಯಾಯಾಮಶಾಲೆಯ ಸೂರು ಗಿಡ್ಡವಂತೆ. ಆದ್ದರಿಂದ ಮೊದಲ ದರ್ಜೆಯ ಟ್ರ್ಯಾಂಪೊಲಿನ್ ಪಂದ್ಯ ಒಂದೂ ಇನ್ನು ಲಿಂಡೆನ್‌ಬೆಕ್‌ನಲ್ಲಿ ನಡೆಯುವಂತಿಲ್ಲ. ನಮ್ಮ ತವರಿನ ಪಂದ್ಯಗಳನ್ನು ನಾವು ದೂರದ ಬ್ರೆಮೆನ್‌ಗೆ ಹೋಗಿ ಆಡಬೇಕು. ತವರಿನ ಪಂದ್ಯ, ಬ್ರೆಮೆನ್‌ನಲ್ಲಿ! ಇದನ್ನು ಬರೆಯುವಾಗ ಒಬ್ಬರಿಗೂ ನಗು ಬರಲಿಲ್ಲವೇ ಮಾರಾಯ?

ಹೋದ ವರ್ಷ ಸೂರು ಸಾಲದು ಎಂದಾಗ ನಾವು ಜಗಳ ತೆಗೆಯಲಿಲ್ಲ. ಈಗಿನ ಮಕ್ಕಳು ನಮಗಿಂತ ಎಷ್ಟೋ ಎತ್ತರ ಜಿಗಿಯುತ್ತಾರೆ, ತಲೆ ತಾಗಿದರೆ ಯಾರು ಹೊಣೆ? ಒಪ್ಪಿಕೊಂಡೆವು. ಸೂರು ಎತ್ತುವ ತಾಕತ್ತು ನಮಗೆಲ್ಲಿದೆ? ಆಗ ಗಾರೆ ಕೆಲಸದ ಊಬೊ ಎದ್ದು ನಿಂತು, “ಮೇಲಕ್ಕೆ ಹೋಗಕ್ಕಾಗ್ದಿದ್ರೆ ಕೆಳಕ್ಕೆ ಹೋಗೋಣ” ಅಂದ. ಬೇಸಿಗೆ ರಜೆಯಿಡೀ ಊರಿಗೆ ಊರೇ ನೆಲ ಅಗೆಯಿತು. ಪಾದ್ರಿ ಕೂಡ ಗುದ್ದಲಿ ಹಿಡಿದ. ನಾನು ಈ ಹಾಳು ಮೊಣಕಾಲಿನಲ್ಲೇ ಮಣ್ಣಿನ ಗಾಡಿ ತಳ್ಳಿದೆ. ಈಗ ಎರಡೂ ಟ್ರ್ಯಾಂಪೊಲಿನ್ ಗುಂಡಿಯಲ್ಲಿ ಕೂತು, ಜಿಗಿಯುವ ಬಲೆ ನೆಲಕ್ಕೆ ಸಮವಾಗಿದೆ. ಜಿಗಿಯುವವರ ತಲೆಯ ಮೇಲೆ ನೀವು ಕೇಳಿದ್ದಕ್ಕಿಂತ ಹೆಚ್ಚೇ ಜಾಗವಿದೆ.

ಅಳೆಯಲು ಬಂದ ನಿಮ್ಮ ಮಹಾನುಭಾವ ಏನು ಮಾಡಿದ ಗೊತ್ತೇ? ಗುಂಡಿಯ ಅಂಚಿನಲ್ಲಿ ನಿಂತು ನೆಲದಿಂದ ಸೂರಿಗೆ ಅಳತೆ ಹಿಡಿದ. “ನಿಯಮದಲ್ಲಿ ನೆಲದಿಂದ ಸೂರಿಗೆ ಅಂತಿದೆ. ನಿಮ್ಮ ಗುಂಡಿ ನಾನು ನೋಡೇ ಇಲ್ಲ ಅಂದ್ಕೊಳ್ಳಿ” ಅಂದ. ಬೇಕರಿಯವರ ಮಗಳು ಫ್ರೌಕೆ, ನೀನೇ ಮೊದಲ ಪಲ್ಟಿ ಕಲಿಸಿದ ಹುಡುಗಿ, ಈಗ ನಮ್ಮ ತಂಡದ ನಾಯಕಿ. ಅವಳು ಸುಮ್ಮನಿರುತ್ತಾಳೆಯೇ? “ನೋಡಿಲ್ವಾ? ಹಾಗಾದ್ರೆ ಒಂದ್ ಹೆಜ್ಜೆ ಮುಂದೆ ಬನ್ನಿ ಸ್ವಾಮಿ, ತಾನಾಗೇ ಕಾಣತ್ತೆ” ಅಂದಳು.

ನಗಬೇಡ. ಆ ಹುಡುಗಿ ಈಗ ಆಟ ಬಿಡುವ ಮಾತಾಡುತ್ತಿದ್ದಾಳೆ. ಇಲ್ಲೇ ಆದರೆ ಶನಿವಾರ ಅಂಗಡಿ ಮುಚ್ಚಿ, ಏಪ್ರನ್ ಬಿಚ್ಚಿ, ರಸ್ತೆ ದಾಟಿದರೆ ಪಂದ್ಯ. ಬ್ರೆಮೆನ್ ಎಂದರೆ ಇಡೀ ದಿನ ಹೋಯಿತು. ಅಪ್ಪ ಅಮ್ಮ ಇಬ್ಬರೇ ಅಂಗಡಿ ನಡೆಸಲಾರರು. ಅವಳು ಬಿಟ್ಟರೆ ತಂಡವಿಲ್ಲ, ತಂಡವಿಲ್ಲದಿದ್ದರೆ ಲೀಗಿನಲ್ಲಿ ನಮ್ಮೂರೇ ಇಲ್ಲ.

ಈ ಲೀಗ್ ಹುಟ್ಟಿದ್ದೆಲ್ಲಿ, ಹಾರ್ಮ್? ನಮ್ಮ ಕ್ಲಬ್ಬಿನ ಬಿಯರ್ ಮೇಜಿನ ಮೇಲೆ. ಟ್ರ್ಯಾಕ್ಟರ್ ಗಾಡಿಗೆ ಟ್ರ್ಯಾಂಪೊಲಿನ್ ಕಟ್ಟಿಕೊಂಡು ಪಕ್ಕದೂರಿಗೆ ಹೋಗಿ ಆಡುತ್ತಿದ್ದೆವು, ಗೆದ್ದವರು ಸೋತವರಿಗೆ ಆಲೂಗಡ್ಡೆ ಸಲಾಡ್ ಬಡಿಸಬೇಕಿತ್ತು. ಅದೇ ಬೆಳೆದು ಇಡೀ ದೇಶದ್ದಾಯಿತು, ದರ್ಜೆಗಳಾದವು, ಈಗ ಕ್ಯಾಮೆರಾ, ಪ್ರಾಯೋಜಕರು. ಬೆಳೆಯಲಿ, ಬೇಡವೆಂದವರು ಯಾರು? ಆದರೆ ಬೆಳೆದ ಮಗ ಹೆತ್ತ ಮನೆಯ ಬಾಗಿಲು ಗಿಡ್ಡ ಎಂದು ಹೊರಗೇ ನಿಂತರೆ ಕಪಾಳಕ್ಕೆ ಬಾರಿಸಬೇಕು ಅನ್ನಿಸುತ್ತದೆ.

ಇಂಗೆಯ ಸೊಂಟ ಬೇಗ ವಾಸಿಯಾಗಲಿ. ನಿಮ್ಮ ಮನೆಯಲ್ಲಿ ನೆಮ್ಮದಿ ತುಂಬಿರಲಿ, ಇದನ್ನು ಮನಸ್ಸಿನಿಂದಲೇ ಬರೆಯುತ್ತಿದ್ದೇನೆ. ಗೆಸ್ಕೆ ನಿನ್ನ ಪಾಲಿನ ಸೇಬಿನ ಮುರಬ್ಬ ಎತ್ತಿಟ್ಟಿದ್ದಾಳೆ.

ನಿನ್ನ ಜೋಡಿ ಜಿಗಿತದ ಜೊತೆಗಾರ,
ಎನ್ನೊ

ಸಹಿ ಹಾಕಿದ ಮೇಲೆ: ಸಮಿತಿಯ ಸಭೆಗೆ ಕ್ಲಬ್ಬಿನ ಪರವಾಗಿ ನಾನೇ ಬರಬೇಕಿತ್ತು. “ಹಾರ್ಮ್ ಇದ್ದಾನಲ್ಲ, ನಾನ್ಯಾಕೆ?” ಎಂದು ಊಬೊನನ್ನು ಕಳಿಸಿದೆ. ಅವನು ಬಂದು ಎಲ್ಲ ಹೇಳಿದ. “ಈ ನಿಯಮ ಬರೆದವ್ರು ನೆಲದಿಂದ ಅಂತ ಯಾಕ್ ಬರೆದ್ರು, ಯಾರಿಗಾದ್ರೂ ಗೊತ್ತಾ?” ಎಂದು ಅಧ್ಯಕ್ಷೆ ಕೇಳಿದಳಂತೆ. ಬರೆದವರು ನಾವಿಬ್ಬರೇ ಅಲ್ಲವೇನೋ? ಟ್ರ್ಯಾಂಪೊಲಿನ್ ಅನ್ನು ನೆಲದ ಮೇಲಲ್ಲದೆ ಬೇರೆಲ್ಲಾದರೂ ಇಡಬಹುದೆಂದು ಆಗ ನಮಗೆ ಹೊಳೆದಿರಲಿಲ್ಲ. ನಮಗೆ ಬೇಕಿದ್ದದ್ದು ತಲೆಯ ಮೇಲಿನ ಜಾಗ. ಆ ಕೋಣೆಯಲ್ಲಿ ಅದು ಗೊತ್ತಿದ್ದವನು ನೀನೊಬ್ಬನೇ. ನೀನು ಕಾಫಿ ಕಲಕುತ್ತ ಕೂತಿದ್ದೆಯಂತೆ.

ಎರಡು ಟ್ರ್ಯಾಂಪೊಲಿನ್ ಮೇಲೆ ಒಂದೇ ತಾಳಕ್ಕೆ ಹಾರುವ ಜೋಡಿ ಜಿಗಿತದಲ್ಲಿ ಒಬ್ಬ ನಿಂತರೆ ಇಬ್ಬರ ಆಟವೂ ಮುಗಿಯಿತು. ನಿನ್ನಿಂದ ಆಗದಿದ್ದಾಗ ಪಕ್ಕದಿಂದ “ಎನ್ನೊ, ನಿಲ್ಲೋ!” ಎಂದು ಕೂಗುತ್ತಿದ್ದೆ, ನಾನೂ ನಿಲ್ಲುತ್ತಿದ್ದೆ. ಅದಕ್ಕಾಗಿ ಒಮ್ಮೆಯೂ ನಿನ್ನ ಮೇಲೆ ಸಿಟ್ಟು ಮಾಡಿದವನಲ್ಲ. ಈ ಸಲ ನೀನು ನಿಂತುಬಿಟ್ಟೆ, ಕೂಗಲೇ ಇಲ್ಲ. ನಾನಿನ್ನೂ ಗಾಳಿಯಲ್ಲೇ ಇದ್ದೆ.