ಫೋಟೋಗೆ ಅಡ್ಡ ಬಂದ ಕಂಬ

ಕಡಲ ಬದಿಯ ಮನೆ
ಮಾರ್ಚ್ ೧೦, ಭಾನುವಾರ

ಪ್ರೀತಿಯ ತಮ್ಮಾ,

ಕಳೆದ ಮಂಗಳವಾರ ನಗರಸಭೆಯವರು ಕಪ್ಪು ಬಂಡೆಯ ಮೇಲಿದ್ದ ಅಪ್ಪನ ಬಾವುಟದ ಕಂಬವನ್ನು ಕಿತ್ತುಹಾಕಿದರು. ಇದನ್ನು ಬರೆದ ಮೇಲೆಯೇ ಕೈ ಮುಂದಕ್ಕೆ ಹೋಗುವುದು. ಈಗ ಹೇಳು, ನಿನ್ನ ಬೆನ್ನುನೋವು ಹೇಗಿದೆ? ಹಡಗಿನ ಅಡುಗೆಮನೆಯಲ್ಲಿ ಮೂಟೆ ಎತ್ತಲು ನೀನೊಬ್ಬನೇ ಇಲ್ಲವಲ್ಲ. ನಾನು ಚೆನ್ನಾಗಿದ್ದೇನೆ, ಸದ್ಯಕ್ಕೆ ಕೋಪವೇ ನನ್ನ ಟಾನಿಕ್.

ನಮ್ಮ ತೀರ ಈಗ ‘ನಗರದಿಂದ ಒಂದೇ ಗಂಟೆಯ ಸ್ವರ್ಗ’ವಂತೆ. ದೊಡ್ಡ ಫಲಕ ನಿಲ್ಲಿಸಿದ್ದಾರೆ: ದೀಪಸ್ತಂಭ, ಗಾಳಿಗೆ ಸಿಳ್ಳೆ ಹಾಕುವ ಗುಹೆ, ಚಿಪ್ಪಿನ ಮರಳು, ಬಂಡೆಯ ಕೆಳಗಿನ ಹಸಿರು ನೀರು. ಒಂದೂ ಸುಳ್ಳಲ್ಲ. ಬಸ್ಸಿಳಿದ ನಗರದವರು ಬೂಟು ಕೈಯಲ್ಲಿ ಹಿಡಿದು ಮಕ್ಕಳಂತೆ ಓಡುವುದನ್ನು ಕಂಡರೆ ನನಗೂ ಖುಷಿಯೇ. ಆದರೆ ಆ ಹಸಿರು ನೀರು ಕೆಲವು ದಿನ ಆಳಕ್ಕೆ ಸೆಳೆದೊಯ್ಯುತ್ತದೆ ಎಂಬುದು ಫಲಕದಲ್ಲಿಲ್ಲ.

ಸೆಳೆತವಿದ್ದ ದಿನ ಅಪ್ಪ ಕೆಂಪು ಬಟ್ಟೆ ಏರಿಸುತ್ತಿದ್ದರು. ಅವರ ನಂತರ ಟೀ ಅಂಗಡಿಯಾಕೆ. ‘ಬಟ್ಟೆ ಹಾರ್ತಿದ್ರೆ ಬೆರಳೂ ನೆನೆಸಬೇಡ’ ಎಂದು ಅಪ್ಪ ನಿನ್ನ ಕಿವಿ ಹಿಂಡಿದ್ದು ನೆನಪಿದೆಯಷ್ಟೇ? ಬಟ್ಟೆಯಿಲ್ಲ ಎಂದರೆ ನೀರು ಸಾಧು, ಇಲ್ಲಿ ಹುಟ್ಟಿದವರ ಕಣ್ಣಿಗೆ ಅದೇ ರೂಢಿ. ಹೊಸಬರು ಹೆದರಿ ದಡದಲ್ಲೇ ನಿಲ್ಲುತ್ತಾರೆ. ಕೆಂಪು ಕಾಣದೆ ನಂಬಿ ಇಳಿಯುವವರು ನಾವೇ.

ಕಂಬ ಕೀಳಿಸಿದ ಗುತ್ತಿಗೆದಾರನನ್ನು ಕೇಳಿದೆ. ‘ಫೋಟೋಗೆ ಅಡ್ಡ ಬರ್ತಿತ್ತು, ಅಮ್ಮಾ’ ಅಂದ. ‘ಹಾಗಾದ್ರೆ ಸಮುದ್ರಾನೂ ಒಂಚೂರು ಪಕ್ಕಕ್ಕೆ ಸರಿಸಪ್ಪಾ’ ಅಂದೆ. ಟೀ ಅಂಗಡಿಯಾಕೆ ನಕ್ಕಳು. ಆಮೇಲೆ ತನ್ನ ಕೆಂಪು ಟವೆಲನ್ನು ಛತ್ರಿಯ ತುದಿಗೆ ಕಟ್ಟಿ ನಿಲ್ಲಿಸಿದಳು. ಅಂಗಡಿ ದಾಟಿದರೆ ಅದು ಕಾಣುವುದಿಲ್ಲ. ನಗರಸಭೆಗೆ ಯಾವಾಗ ಹೋದರೂ ಅಧ್ಯಕ್ಷರು ಊಟಕ್ಕೆ ಹೋಗಿರುತ್ತಾರೆ. ಹಿಂದೆ ಇದೇ ಕಚೇರಿ ತೀರದ ಮರಗಳನ್ನು ಕಡಿಸಿ, ಮರಳು ರಸ್ತೆಗೆ ಬಂದಾಗ ಗಾಳಿಯನ್ನು ದೂರಿತ್ತು. ಅವರು ಮರೆತಿರಬಹುದು, ನಾನು ಮರೆತಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನಿರುವ ಕಡೆ ಕಡಲು ಶಾಂತವಾಗಿರಲಿ.

ನಿನ್ನ ದೊಡ್ಡಕ್ಕ

ಇಷ್ಟು ಹೊತ್ತು ಬರೆಯಲು ಧೈರ್ಯ ಬಂದಿರಲಿಲ್ಲ. ಬುಧವಾರ ಮುಂಜಾವಿನ ಮಬ್ಬಿನಲ್ಲಿ, ರಾತ್ರಿ ಪಾಳಿಯ ಕೆಲಸ ಮುಗಿಸಿ ಬಂದು ಆ ನೀರಿಗಿಳಿದವಳು ನಿನ್ನ ಮಗಳು. ಮೀನುಗಾರರು ಎಳೆದು ತಂದರು. ಭುಜದ ಮೂಳೆ ಮುರಿದಿದೆ, ಜೀವಕ್ಕೆ ಅಪಾಯವಿಲ್ಲ. ಪಕ್ಕದ ಕೋಣೆಯಲ್ಲಿ ಮಲಗಿದ್ದಾಳೆ. ‘ಅಪ್ಪಂಗೆ ಹೇಳ್ಬೇಡ ಅತ್ತೆ, ಬಟ್ಟೆ ಇರ್ಲಿಲ್ಲ ಅಂತ ಇಳಿದೆ’ ಅಂದಳು. ಅವಳ ತಪ್ಪೇನಿದೆ ಇದರಲ್ಲಿ? ಯಾರ ಅಪ್ಪಣೆಯಿಂದ ಕಂಬ ಕಿತ್ತರೆಂದು ಅಧ್ಯಕ್ಷರು ಅದೇ ಬಂಡೆಯ ಮೇಲೆ ನಿಂತು, ಊರೆಲ್ಲರ ಎದುರು ಹೇಳಬೇಕು.